ಟಿಕೆಟ್ ಕೊಡುತ್ತಿದ್ದ ವಕ್ರಕೇತು

ಕಳೆದ ತಿಂಗಳು ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಬಂತು: ‘ನಮ್ಮ ವಕ್ರಕೇತು ಹೋದರು.’ ಅದರ ಕೆಳಗೆ ಕೈಮುಗಿಯುವ ಗುರುತುಗಳು ಸಾಲುಗಟ್ಟಿದವು. ಈಚೆಗೆ ಶಾಲೆಗೆ ಬಂದಿರುವ ಮಾಸ್ತರರೊಬ್ಬರು, ತೀರಿಕೊಂಡವರನ್ನು ಅಡ್ಡಹೆಸರಿನಿಂದ ಕರೆಯುವುದು ಯಾವ ಸಂಸ್ಕಾರ ಎಂದು ಸಿಟ್ಟಿನಿಂದ ಕೇಳಿದರು. ಅವರಿಗೆ ಉತ್ತರ ಬರೆದವಳು ತೀರಿಕೊಂಡವರ ಮಗಳೇ. ‘ಇರಲಿ ಬಿಡ್ರಿ ಸರ್. ಅಪ್ಪ ಆ ಹೆಸರಿಗೆ ಓ ಅಂತಿದ್ದ.’

ಅದನ್ನು ಓದಿದವಳು ನಾನು ಒಲೆಯ ಮೇಲಿನ ಚಹಾ ಉಕ್ಕಿ ಹರಿಯುವ ತನಕ ಹಾಗೇ ಕೂತಿದ್ದೆ.

ನಾನು ಚಿತ್ರಕಲೆಯ ಶಿಕ್ಷಕಿ. ನವಲಗುಂದದಿಂದ ಅಣ್ಣಿಗೇರಿಗೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿಯೇ ನನ್ನ ನೌಕರಿಯ ಬಹುಪಾಲು ಕಳೆಯಿತು. ಮನೆ ನವಲಗುಂದದಲ್ಲಿ. ಶಾಲೆಯ ಹೊತ್ತಿಗೆ ಸರಿಯಾಗಿ ಇದ್ದದ್ದು ಒಂದೇ ಬಸ್ಸು. ಅದರ ಕಂಡಕ್ಟರರೂ ಬಹಳ ವರ್ಷ ಒಬ್ಬರೇ. ಡ್ರೈವರುಗಳು ಬದಲಾಗುತ್ತಿದ್ದರು, ಬಸ್ಸು ಬದಲಾಗುತ್ತಿತ್ತು, ಇವರು ಮಾತ್ರ ಹಿಂದಿನ ಬಾಗಿಲಲ್ಲಿ ಸೀಟಿ ಹಿಡಿದು ನಿಂತೇ ಇರುತ್ತಿದ್ದರು.

ಅವರ ಮುಖದ ಬಗ್ಗೆ ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಅವರನ್ನು ಕಂಡವರೆಲ್ಲ ಮೊದಲು ಕಂಡದ್ದು ಅದನ್ನೇ. ಎರಡೂ ಹುಬ್ಬು ನಡುವೆ ಕೂಡಿಕೊಂಡು ಒಂದೇ ಗೆರೆಯಾಗಿದ್ದವು. ಉದ್ದನೆಯ ಮೂಗು ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿದ ಹಾಗೆ ಕೆಳಗೆ ಬಾಗಿತ್ತು. ಚೂಪು ಗದ್ದ, ಒಳಗೆ ಇಳಿದ ಕಣ್ಣು, ಎಡಗೆನ್ನೆಯ ಮೇಲೆ ಸಣ್ಣವರಿದ್ದಾಗ ಎತ್ತಿನ ಕೊಂಬು ತಾಗಿದ ಕಲೆ. ಸಾಲದ್ದಕ್ಕೆ ಒಡಕು ದನಿ. ಅವರು ಪ್ರೀತಿಯಿಂದ ‘ಬರ್ರಿ’ ಅಂದರೂ ಯಾರನ್ನೋ ಹಿಡಿದು ಹಾಕಲು ಕರೆದ ಹಾಗೆ ಕೇಳುತ್ತಿತ್ತು.

ನಾನು ಆ ಬಸ್ಸಿಗೆ ಹೊಸಬಳಾಗಿದ್ದಾಗ ಇವರಿಗೆ ಸೊಕ್ಕು ಬಹಳ ಅಂದುಕೊಂಡಿದ್ದೆ. ಹೆಂಗಸರಿಗೆ ಟಿಕೆಟ್ ಕೊಡುವಾಗ ಮುಖ ಆಚೆ ತಿರುಗಿಸಿ ಕಿಟಕಿಯ ಹೊರಗಿನ ಹತ್ತಿ ಹೊಲ ನೋಡುತ್ತ ಕೈಯೊಂದನ್ನೇ ಮುಂದೆ ಚಾಚುತ್ತಿದ್ದರು. ಒಂದು ದಿನ ನನ್ನ ಪಕ್ಕದಲ್ಲಿ ಕೂಸಿನ ತಾಯಿಯೊಬ್ಬಳು ಕೂತಿದ್ದಳು. ಬಸ್ಸು ಜಿಗಿದ ರಭಸಕ್ಕೆ ಇವರ ಮುಖ ಈಚೆ ತಿರುಗಿತು. ಕೂಸು ಅವರನ್ನು ನೋಡಿ ಕಿಟಾರನೆ ಅಳತೊಡಗಿತು. ಅವರು ಎರಡು ಹೆಜ್ಜೆ ಹಿಂದೆ ಸರಿದು, ಟಿಕೆಟ್ಟನ್ನು ನನ್ನ ಕೈಗೆ ಕೊಟ್ಟು ಅವಳಿಗೆ ದಾಟಿಸಲು ಸನ್ನೆ ಮಾಡಿದರು. ಅವರು ಮುಖ ತಿರುಗಿಸುವುದು ಯಾಕೆಂದು ಅವತ್ತು ತಿಳಿಯಿತು.

ನಡುವಿನ ಒಂದು ಊರಿನಿಂದ ನಮ್ಮ ಶಾಲೆಯ ಹುಡುಗಿಯರು ಹತ್ತುತ್ತಿದ್ದರು. ಮನೆಗೆಲಸ ಮುಗಿಸಿ ಹೊರಡುವ ಹುಡುಗಿಯರು, ತಡವಾಗುವುದೇ ಹೆಚ್ಚು. ಬಸ್ಸು ಕಾಯುವಂತಿರಲಿಲ್ಲ. ಹಾಗಾಗಿ ಆ ಊರು ಬಂದೊಡನೆ ಇವರಿಗೆ ಟೈರಿನ ಮೇಲೆ ಸಂಶಯ ಹುಟ್ಟುತ್ತಿತ್ತು. ಕೆಳಗಿಳಿದು ಒಂದೊಂದೇ ಟೈರನ್ನು ಒದ್ದು ನೋಡುವರು, ಬಗ್ಗಿ ಕಿವಿಗೊಡುವರು, ತಲೆ ಅಲ್ಲಾಡಿಸುವರು. ಮುಂದೆ ಕೂತವರು ಗೊಣಗಿದರೆ ಡ್ರೈವರ್, ‘ಗಾಳಿ ನೋಡಾಕತ್ತಾರ್ರಿ’ ಎಂದು ಗಂಭೀರವಾಗಿ ಹೇಳುತ್ತಿದ್ದ. ದೂರದ ಕಪ್ಪು ಯರಿ ಹೊಲದ ಬದುವಿನ ಮೇಲೆ ಪಾಟಿಚೀಲಗಳು ಕುಣಿಯುತ್ತ ಬಂದು ಬಸ್ಸು ಹತ್ತಿದ ಮೇಲೆಯೇ ಗಾಳಿ ಸರಿಯಾಗುತ್ತಿತ್ತು.

ಆ ಹುಡುಗಿಯರೇ ಅವರಿಗೆ ಹೆಸರಿಟ್ಟದ್ದು.

ಆ ಕಾಲದಲ್ಲಿ ಮಕ್ಕಳ ಮಾಸಪತ್ರಿಕೆಯೊಂದರಲ್ಲಿ ಪ್ರತಿ ತಿಂಗಳೂ ಒಂದು ಚಿತ್ರಕಥೆ ಬರುತ್ತಿತ್ತು. ನಾನು ಸಣ್ಣವಳಿದ್ದಾಗಿನಿಂದ ಬರುತ್ತಿದ್ದದ್ದು, ಆಗಲೂ ನಿಂತಿರಲಿಲ್ಲ. ಅದರಲ್ಲಿ ಒಬ್ಬ ರಾಜಕುಮಾರ, ಅವನ ಸಿಂಹಾಸನಕ್ಕೆ ಹೊಂಚು ಹಾಕುವ ಹಳೆಯ ಸೇನಾಪತಿ ವಕ್ರಕೇತು. ವಕ್ರಕೇತು ತಿಂಗಳಿಗೊಂದು ಹೂಟ ಹೂಡುತ್ತಿದ್ದ, ಕೊನೆಯ ಪುಟದಲ್ಲಿ ಸೋಲುತ್ತಿದ್ದ, ಮುಂದಿನ ತಿಂಗಳು ಮತ್ತೆ ಹಾಜರಾಗುತ್ತಿದ್ದ. ನಾವೆಲ್ಲ ಪತ್ರಿಕೆ ಕೈಗೆ ಬಂದೊಡನೆ ಮೊದಲು ಹುಡುಕುತ್ತಿದ್ದುದು ಅವನನ್ನೇ. ಕೂಡಿದ ಹುಬ್ಬು, ಬಾಗಿದ ಮೂಗು, ಚೂಪು ಗದ್ದ. ಅದೊಂದು ತಿಂಗಳು ಹುಡುಗಿಯೊಬ್ಬಳು ಬಸ್ಸಿನಲ್ಲಿ ಪತ್ರಿಕೆ ಬಿಚ್ಚಿ ನೋಡಿದಳು, ತಲೆ ಎತ್ತಿ ಕಂಡಕ್ಟರರನ್ನು ನೋಡಿದಳು, ಪಕ್ಕದವಳನ್ನು ತಿವಿದಳು. ಅಲ್ಲಿಗೆ ಮುಗಿಯಿತು. ವಾರದೊಳಗೆ ಇಡೀ ಶಾಲೆ ‘ವಕ್ರಕೇತು ಬಸ್ಸು’ ಅನ್ನುತ್ತಿತ್ತು.

ಅವರು ಒಂದು ದಿನ ನನ್ನ ಬಳಿ ಬಂದು, ಎಂದಿನಂತೆ ಕಿಟಕಿ ನೋಡುತ್ತ ಕೇಳಿದರು. “ಅಕ್ಕೋರ, ವಕ್ರಕೇತು ಅಂದ್ರ ಯಾರ್ರಿ?”

ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ಆ ಪತ್ರಿಕೆ ನನ್ನ ಚೀಲದಲ್ಲೇ ಇತ್ತು, ಅದರ ಅಂಚು ಹೊರಗೆ ಕಾಣುತ್ತಲೂ ಇತ್ತು. ತೆಗೆದು ಕೊಟ್ಟೆ. ಅವರು ಕಂಬಕ್ಕೆ ಒರಗಿ, ಅಲುಗುವ ಬಸ್ಸಿನಲ್ಲಿ, ಎರಡು ಊರು ದಾಟುವ ತನಕ ಆ ಪುಟವನ್ನೇ ನೋಡಿದರು. ನೋವಾಯಿತೇನೋ ಎಂದು ನಾನು ಅಳುಕಿದೆ. ಪತ್ರಿಕೆ ಮರಳಿ ಕೊಡುತ್ತ ಅವರು ಅಂದದ್ದು ಇಷ್ಟೇ: “ಮೀಸಿ ನನಗಿಂತ ಛಲೋ ಅದಾವ್ರಿ.”

ಮರುವಾರದಿಂದ ಅವರ ಮೀಸೆಯ ತುದಿಗಳು ಮೇಲೆ ಏಳತೊಡಗಿದವು. ಚೇಳಿನ ಕೊಂಡಿಯ ಹಾಗೆ, ಥೇಟ್ ವಕ್ರಕೇತುವಿನ ಹಾಗೆ.

ಅಲ್ಲಿಂದ ಅವರಿಗೆ ಅದೊಂದು ಗೀಳಾಯಿತು. ಪ್ರತಿ ತಿಂಗಳು ಪತ್ರಿಕೆ ಬಂದೊಡನೆ ನಾನು ಓದಿ ಅವರಿಗೆ ಕೊಡಬೇಕು. ನನ್ನ ಮನೆಯ ಅಟ್ಟದ ಮೇಲೆ ನಾನು ಬಾಲ್ಯದಿಂದ ಕೂಡಿಟ್ಟ ಹಳೆಯ ಸಂಚಿಕೆಗಳಿದ್ದವು, ಅವನ್ನೂ ಒಂದೊಂದಾಗಿ ಒಯ್ದರು. ಆಗ ಅವರಿಗೆ ಗೊತ್ತಾಯಿತು, ವಕ್ರಕೇತುವನ್ನು ಬರೆದವರು ಒಬ್ಬರಲ್ಲ ಎಂದು. ಮೊದಲಿನವರು ಕುಂಚದಿಂದ ಬರೆದವರು, ಅವರ ಗೆರೆ ದಪ್ಪವಾಗಿ ಹುಟ್ಟಿ ಸಣ್ಣಗೆ ಮುಗಿಯುತ್ತಿತ್ತು. ಅವರ ನಂತರ ಬಂದವರು ಪೆನ್ನಿನಿಂದ ಕೂದಲಿನಂಥ ಗೆರೆಗಳನ್ನು ರಾಶಿ ಹಾಕಿ ವಕ್ರಕೇತುವಿಗೆ ಹೊಟ್ಟೆ ಬರಿಸಿದರು, ಬಾಯಿ ತುಂಬ ಹಲ್ಲು ಕೊಟ್ಟರು, ಕಣ್ಣಿಗೆ ಕೆಂಪು ಬಳಿದರು. ಕೆಲವು ತಿಂಗಳು ಮಾತ್ರ ಬಂದು ಹೋದ ಇನ್ನೊಬ್ಬರು ಅವನ ಮುಖವನ್ನೆಲ್ಲ ಕಪ್ಪು ನೆರಳು ಮಾಡಿ ಮೂಗೊಂದನ್ನೇ ಬಿಳಿ ಬಿಟ್ಟಿದ್ದರು.

ಹೊಟ್ಟೆಯ ವಕ್ರಕೇತುವನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಯಾರೋ ಅವರ ಅಣ್ಣನ ಬಗ್ಗೆ ಸುಳ್ಳು ಹೇಳಿದ ಹಾಗೆ ಸಿಟ್ಟಾಗುತ್ತಿದ್ದರು. “ಇಂವಾ ಮದಿವಿ ಊಟಕ್ಕ ಬಂದ ಸಾವಕಾರ ಕಂಡಂಗ ಕಾಣ್ತಾನ್ರಿ. ರಾಜ್ಯಾ ಕಸಗೊಳ್ಳಾಂವ ಹಿಂಗ ಇರತಾನೇನು?” ನೆರಳಿನ ವಕ್ರಕೇತು ಅವರಿಗೆ ಬಹಳ ಸೇರಿದ್ದ. ಬರೀ ಮೂಗಿನಿಂದಲೇ ಗುರುತು ಹತ್ತುತ್ತದಲ್ಲ ಎಂದು ಹೆಮ್ಮೆಪಡುತ್ತಿದ್ದರು. ಆದರೆ ಎಲ್ಲರಿಗಿಂತ ಮೊದಲಿನವರೇ ಮೇಲು ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಡ್ರೈವರ್ ಮಾತ್ರ ಹಲ್ಲಿನವನ ಪಕ್ಷ. ಕೆಟ್ಟವನೆಂದರೆ ನೋಡಿದರೆ ಎದೆ ಧಸಕ್ಕೆನ್ನಬೇಕು ಎಂಬುದು ಅವನ ವಾದ. ಇಬ್ಬರೂ ಗೇರುಪೆಟ್ಟಿಗೆಯ ಆಚೆ ಈಚೆ ನಿಂತು ಕೂತು ಜಗಳವಾಡುವಾಗ ಇಳಿಯಬೇಕಾದವರು ತಾವೇ ಸೀಟಿ ಹೊಡೆದುಕೊಳ್ಳಬೇಕಾಗುತ್ತಿತ್ತು.

ನನಗೂ ಅವರಿಗೂ ಒಂದು ವಿಷಯದಲ್ಲಿ ಒಮ್ಮತ ಬರಲೇ ಇಲ್ಲ. ಮೊದಲಿನವರು ಬರೆದ ವಕ್ರಕೇತು ಎಂದೂ ಎದುರಿಗೆ ನೋಡುತ್ತಿರಲಿಲ್ಲ. ಯಾವ ಚಿತ್ರದಲ್ಲೂ ಅವನ ಮುಖ ಪಕ್ಕಕ್ಕೆ ತಿರುಗಿಯೇ ಇರುತ್ತಿತ್ತು. ಅದು ಕಪಟದ ಗುರುತು, ಕಳ್ಳ ಮನಸ್ಸಿನವನು ಕಣ್ಣಿಗೆ ಕಣ್ಣು ಕೊಡುವುದಿಲ್ಲ ಎಂದು ನಾನು ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ. ಅವರು ಒಪ್ಪಲಿಲ್ಲ. “ಅಲ್ರಿ ಅಕ್ಕೋರ. ಅವಗ ನಾಚಿಕಿ ಐತಿ.”

ಹೀಗೆ ನಗುನಗುತ್ತ ನಡೆದಿದ್ದ ಆಟ ಅವರ ಮಗಳು ನಮ್ಮ ಶಾಲೆಗೆ ಬಂದ ವರ್ಷ ಕಹಿಯಾಯಿತು.

ಒಬ್ಬಳೇ ಮಗಳು. ಎಂಟನೆಯ ತರಗತಿಗೆ ಸೇರಿದಳು. ಅಪ್ಪನ ಬಸ್ಸಿನಲ್ಲೇ ಬರುವಳು. ಅವಳಿಗೆ ಅಪ್ಪನ ಮುಖವೇ ಬಂದಿತ್ತು, ಅದೇ ಹುಬ್ಬು, ಅದೇ ಮೂಗು. ಗಂಡಸಿನ ಮುಖದ ಮೇಲೆ ಇದ್ದಾಗ ತಮಾಷೆಯಾಗಿದ್ದದ್ದು ಹುಡುಗಿಯ ಮುಖದ ಮೇಲೆ ಬೇರೆಯಾಯಿತು. ಮೊದಲು ‘ವಕ್ರಕೇತುವಿನ ಮಗಳು’ ಅಂದರು. ಆಮೇಲೆ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಜಡೆ ಹಾಕಿದ ವಕ್ರಕೇತುವನ್ನು ಬರೆದರು. ಹೆಡ್ ಮಾಸ್ತರರು ಬೆತ್ತ ಹಿಡಿದು ತರಗತಿಗೆ ಹೋಗಿ ಬೈದರು. ಅದರಿಂದ ಅಲ್ಲಿಯತನಕ ಗೊತ್ತಿಲ್ಲದವರಿಗೂ ಗೊತ್ತಾಯಿತು. ಹುಡುಗಿ ಅಳಲಿಲ್ಲ, ಯಾರ ಮೇಲೂ ದೂರು ಹೇಳಲಿಲ್ಲ. ಹೊಟ್ಟೆನೋವು ಎಂದು ಶಾಲೆಗೆ ಬರುವುದನ್ನು ಬಿಟ್ಟಳು.

ಒಂದು ಮಧ್ಯಾಹ್ನ ಅವರು ಖಾಕಿ ಅಂಗಿಯಲ್ಲೇ ನನ್ನ ಚಿತ್ರಕಲೆಯ ಕೋಣೆಯ ಬಾಗಿಲಿಗೆ ಬಂದು ನಿಂತರು. ಬಸ್ಸನ್ನು ಅಣ್ಣಿಗೇರಿಯಲ್ಲಿ ಬಿಟ್ಟು, ಸಿಕ್ಕ ಟೆಂಪೋ ಹತ್ತಿ ಬಂದಿದ್ದರು. ಕೂಡ್ರಿ ಅಂದರೂ ಕೂಡಲಿಲ್ಲ. ಖಾಲಿ ಹಲಗೆಯನ್ನು ನೋಡುತ್ತ ಹೇಳಿದರು, “ನನಗ ಅಂದ್ರ ಅನ್ಲಿ ಅಕ್ಕೋರ. ಹುಟ್ಟಿದಾಗಿಂದ ರೂಢಿ ಆಗೇತಿ. ಅಕಿಗ್ಯಾಕ?”

ಮಕ್ಕಳಿಗೆ ನಾನು ಮತ್ತೆ ಹೇಳುತ್ತೇನೆ, ಕಾಲ ಕಳೆದಂತೆ ಮರೆಯುತ್ತಾರೆ ಎಂದೆಲ್ಲ ಅಂದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಆ ಚಿತ್ರ ಬರೆಯುವವರು ಎಲ್ಲಿರುತ್ತಾರೆ ಎಂದು ವಿಚಾರಿಸಿದರು. ಹೋಗಿ ಭೆಟ್ಟಿಯಾಗಿ, ಮೂಗು ಬದಲಾಯಿಸಿರಿ ಎಂದು ಕೇಳಬೇಕೆಂದು ನಿಶ್ಚಯ ಮಾಡಿಕೊಂಡೇ ಬಂದಿದ್ದರು. ಈಗ ಬರೆಯುವವರು ದೂರದ ಊರಿನಲ್ಲಿದ್ದಾರೆ, ಮೊದಲು ಬರೆದವರು ಮಾತ್ರ ನಮ್ಮ ಕಲಘಟಗಿಯವರು, ಆದರೆ ಅವರು ಬರೆಯುವುದನ್ನು ಬಿಟ್ಟು ಬಹಳ ವರ್ಷವಾಯಿತು ಎಂದು ಹೇಳಿದೆ.

“ಹಂಗಾರ ಅವರ್ನ ಕೇಳೂಣು,” ಅಂದರು. “ಆ ಮೂಗು ಮೊದಲ ಇಟ್ಟವರು ಅವರ ಅಲ್ಲೇನ್ರಿ.”

ಅವರ ವಾರದ ರಜೆಯ ದಿನ ಮೂವರೂ ಹೊರಟೆವು. ಹುಡುಗಿ ಓಢಣಿಯನ್ನು ಮೂಗಿನ ತನಕ ಎಳೆದುಕೊಂಡು ನನ್ನ ಪಕ್ಕ ಕೂತಳು. ಅವರಿಗೆ ಪ್ರಯಾಣಿಕರಾಗಿ ಕೂತು ಗೊತ್ತಿರಲಿಲ್ಲ. ಹುಬ್ಬಳ್ಳಿ ತನಕ ಸೀಟಿನ ತುದಿಯಲ್ಲಿ ಕೂತು, ಯಾರಾದರೂ ಬಾಗಿಲಲ್ಲಿ ನಿಂತರೆ ‘ಒಳಗ ಸರೀರಿ’ ಅಂದುಬಿಡುತ್ತಿದ್ದರು. ಆ ಬಸ್ಸಿನ ಕಂಡಕ್ಟರು ತಿರುಗಿ ನೋಡಿದಾಗ ನಾಚಿಕೊಂಡು ಟೋಪಿ ಸರಿಮಾಡಿಕೊಳ್ಳಲು ಕೈ ಎತ್ತುವರು, ತಲೆಯ ಮೇಲೆ ಟೋಪಿಯೇ ಇರುತ್ತಿರಲಿಲ್ಲ.

ಕಲಘಟಗಿಯಲ್ಲಿ ಆ ಕಲಾವಿದರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮರದ ತೊಟ್ಟಿಲಿಗೆ ಬಣ್ಣದ ಚಿತ್ರ ಬರೆಯುವ ಮನೆತನ. ಪಡಸಾಲೆಯಲ್ಲಿ ಅರಗಿನ ವಾಸನೆ, ಮೂಲೆಯಲ್ಲಿ ಅರ್ಧ ಬಣ್ಣ ಕಂಡ ತೊಟ್ಟಿಲ ಹಲಗೆಗಳು. ಕಲಾವಿದರು ಬನಿಯನ್ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದ ಸಣ್ಣ ಮುದುಕರು. ಕೈ ನಡುಗುತ್ತಿತ್ತು. ನಾನು ಪರಿಚಯ ಹೇಳುತ್ತಿದ್ದೆ, ಅವರು ನನ್ನ ಮಾತು ಕೇಳದೆ ಕಂಡಕ್ಟರರನ್ನೇ ನೋಡುತ್ತಿದ್ದರು. ಕೊನೆಗೆ ನಿಧಾನವಾಗಿ, “ಬಂದೇನಪಾ? ಬಾ, ಕೂಡ್ರು,” ಅಂದರು. ಬಹಳ ಕಾಲದ ಮೇಲೆ ಮನೆಗೆ ಬಂದವನಿಗೆ ಅನ್ನುವ ಹಾಗಿತ್ತು ಅದು.

ನಾನು ಒಯ್ದಿದ್ದ ಹಳೆಯ ಸಂಚಿಕೆಗಳನ್ನು ಚಾಪೆಯ ಮೇಲೆ ಹರವಿದೆ. ತಾವು ಬಿಟ್ಟ ಮೇಲೆ ವಕ್ರಕೇತುವಿನ ಗತಿ ಏನಾಯಿತೆಂದು ಆ ಮುದುಕರು ನೋಡಿರಲೇ ಇಲ್ಲ. ಹೊಟ್ಟೆಯ ವಕ್ರಕೇತುವನ್ನು ಕಂಡು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಇಷ್ಟು ಹಲ್ಲು ಯಾಕೆ ಕೊಟ್ಟಿದ್ದಾನೆ, ಇವನೇನು ಕಬ್ಬು ತಿನ್ನುತ್ತಾನೆಯೇ ಎಂದು ಕೇಳಿದರು. ಕಂಡಕ್ಟರರಿಗೆ ಅಷ್ಟು ಸಾಕಾಯಿತು. ಇಬ್ಬರೂ ಚಾಪೆಯ ಮೇಲೆ ಎದುರುಬದುರು ಕೂತು ಪುಟ ತಿರುವತೊಡಗಿದರು. ಇದರಲ್ಲಿ ಕಿವಿ ಮೇಲೆ ಹೋಗಿದೆ, ಇದರಲ್ಲಿ ಪೇಟ ತಪ್ಪು, ಇದರಲ್ಲಿ ಕತ್ತಿ ಹಿಡಿದ ಕೈ ಎಡಗೈಯೋ ಬಲಗೈಯೋ ಬರೆದವನಿಗೇ ಗೊತ್ತಿಲ್ಲ. ಪಕ್ಕಕ್ಕೆ ತಿರುಗಿದ ಮುಖದ ನಮ್ಮ ಜಗಳವನ್ನೂ ಅವರ ಮುಂದಿಟ್ಟೆವು. ಕಪಟವೂ ಅಲ್ಲ, ನಾಚಿಕೆಯೂ ಅಲ್ಲ ಅಂದರು ಅವರು. ತೊಟ್ಟಿಲ ಮೇಲೆ ಬರೆಯುವುದೆಲ್ಲ ಪಕ್ಕದ ಮುಖವೇ, ಅಪ್ಪ ಕಲಿಸಿದ್ದು ಅಷ್ಟೇ, ಎದುರು ಮುಖ ಬರೆಯಲು ತಮಗೆ ಕಡೆತನಕ ಬರಲಿಲ್ಲವಂತೆ. ಕಂಡಕ್ಟರರು ನನ್ನ ಕಡೆ, ನಾನು ಅವರ ಕಡೆ ನೋಡಿ ಸುಮ್ಮನಾದೆವು.

ಚಹಾ ಬಂತು. ಕಂಡಕ್ಟರರು ಬಂದ ಕೆಲಸವನ್ನೇ ಮರೆತಿದ್ದರು. ಮರೆಯದೆ ಕೂತಿದ್ದವಳು ಮಗಳು. ಅವಳು ಓಢಣಿಯನ್ನು ಗದ್ದದ ಕೆಳಗೆ ಇಳಿಸಿ ಕೇಳಿದಳು.

“ಅಜ್ಜಾರ, ಕೆಟ್ಟವಗ ನಮ್ಮಂಥಾ ಮೂಗ ಯಾಕ ಹಾಕಿದ್ರಿ?”

ಅಪ್ಪ ಹುಡುಗಿಯನ್ನು ಗದರಿಸಲು ಹೊರಟರು. ಮುದುಕರು ಕೈಯೆತ್ತಿ ತಡೆದರು. ಚಹಾದ ಬಸಿಯನ್ನು ಕೆಳಗಿಟ್ಟರು. ಆಮೇಲೆ ಹೇಳಿದ್ದು ಇದು. ಅವರು ಹರೆಯದಲ್ಲಿ ಪರವೂರಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದು ಆ ಪತ್ರಿಕೆಗೆ ಚಿತ್ರ ಬರೆಯುತ್ತಿದ್ದರು. ಆಗಷ್ಟೇ ತಾಯಿ ತೀರಿಕೊಂಡಿದ್ದಳು. ಮನೆಯಲ್ಲಿ ತಾಯಿಯ ಒಂದು ಫೋಟೋ ಸಹಿತ ಇರಲಿಲ್ಲ. ಕಥೆಯಲ್ಲಿ ರಾಜಕುಮಾರ ಒಂದೆರಡು ಚಿತ್ರಕ್ಕೆ ಬಂದು ಹೋಗುವವನು, ವಕ್ರಕೇತು ಮಾತ್ರ ಪುಟಪುಟಕ್ಕೂ ಇರುವವನು. ರಾಜಕುಮಾರನ ಮುಖವನ್ನು ಯಾವುದೋ ಕ್ಯಾಲೆಂಡರಿನಿಂದ ಎತ್ತಿಕೊಂಡರು. ತಿಂಗಳಾನುಗಟ್ಟಲೆ ಒಂದೇ ಮುಖ ಬರೆಯುವುದಾದರೆ ಅದು ತನಗೆ ಬೇಕಾದ ಮುಖವಾಗಿರಲಿ ಅನಿಸಿತು.

“ಅದು ನಮ್ಮವ್ವನ ಮೂಗು,” ಅಂದರು. “ಹುಬ್ಬೂ ಅಕೀವ. ಮೀಸಿ ಅಷ್ಟ ನಂದು.”

ಕಂಡಕ್ಟರರು ಮೀಸೆ ಮುಟ್ಟಿಕೊಂಡರು. ಆದರೆ ಹುಡುಗಿ ಅಷ್ಟಕ್ಕೆ ಬಿಡಲಿಲ್ಲ. ಅವಳ ದನಿ ಅಪ್ಪನಂತೆಯೇ ಒಡಕಾಗಿತ್ತು.

“ಆದ್ರೂ ಕೆಟ್ಟಾಂವನ ಮಾಡಿದ್ರೆಲ್ರಿ.”

ಆ ಮುದುಕರು ಅವಳ ಮುಖವನ್ನು ಹುಬ್ಬಿನಿಂದ ಗದ್ದದ ತನಕ ಒಮ್ಮೆ ನೋಡಿದರು. “ಹೌದವ್ವಾ,” ಅಂದರು. “ಅದು ನಂದ ತಪ್ಪು. ನಮ್ಮವ್ವ ಇದ್ದಿದ್ರ ಅಕಿನೂ ಇದನ್ನ ಕೇಳತಿದ್ದಳು.”

ಮರಳಿ ಬರುವಾಗ ಹುಡುಗಿ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಕಬ್ಬಿನ ಗದ್ದೆ ನೋಡಿದಳು, ಓಢಣಿ ಹೆಗಲ ಮೇಲೇ ಇತ್ತು. ತಾಯಿಯ ಕಥೆ ಅವಳಿಗೆ ಸಮಾಧಾನ ತಂದಿತೆಂದು ನಾನು ತಿಳಿದಿದ್ದೆ. ಎಷ್ಟೋ ವರ್ಷದ ಮೇಲೆ ಅವಳೇ ಹೇಳಿದಳು, ಅದಲ್ಲ, ಅಷ್ಟು ದೊಡ್ಡ ಮನುಷ್ಯ ತನ್ನೆದುರು ತಪ್ಪು ಒಪ್ಪಿಕೊಂಡದ್ದು ಎಂದು.

ಅವಳು ಮರುದಿನ ಶಾಲೆಗೆ ಬಂದಳು. ಮಕ್ಕಳು ಆ ಹೆಸರನ್ನು ಬಿಟ್ಟರು ಎಂದು ಹೇಳಿದರೆ ಸುಳ್ಳಾದೀತು. ಬಿಡಲಿಲ್ಲ. ಹಲಗೆಯ ಮೇಲೆ ಮತ್ತೊಮ್ಮೆ ಜಡೆಯ ವಕ್ರಕೇತು ಬಂದ. ಈ ಸಲ ಅವಳು ಎದ್ದು ಹೋಗಿ, ಮೂಗು ಮೊಂಡಾಗಿದೆ ಎಂದು ಹೇಳಿ, ತಾನೇ ಸುಣ್ಣದ ಕಡ್ಡಿ ಹಿಡಿದು ತಿದ್ದಿ ಬಂದಳಂತೆ. ಆಮೇಲೆ ಅದರಲ್ಲಿ ಮಜಾ ಉಳಿಯಲಿಲ್ಲ.

ಕಂಡಕ್ಟರರ ಹೆಂಡತಿಯ ಬಗ್ಗೆ ಒಂದು ಮಾತು ಹೇಳಬೇಕು. ಅವರ ಮನೆ ನಮ್ಮ ಓಣಿಯಿಂದ ದೂರವಿರಲಿಲ್ಲ. ಜಮಖಾನ ನೇಯುವ ಮಗ್ಗದ ಮುಂದೆ ಕೂತಿರುತ್ತಿದ್ದ ಆ ತಾಯಿಗೆ ಗಂಡನ ಈ ವಕ್ರಕೇತು ಪುರಾಣವೆಲ್ಲ ನಗೆಯ ವಿಷಯ. ಕನ್ಯಾ ನೋಡಲು ಬಂದಾಗ ಗಂಡು ಇಡೀ ಹೊತ್ತು ಗೋಡೆಯ ಕಡೆ ಮುಖ ಮಾಡಿ ಕೂತಿದ್ದನಂತೆ. ತಾನು ಅರ್ಧ ಮುಖ ನೋಡಿಯೇ ಒಪ್ಪಿದೆ, ಉಳಿದರ್ಧ ಮದುವೆಯಾದ ಮೇಲೆ ಸಿಕ್ಕಿತು, ಅದೇನು ಬೇರೆ ಇರಲಿಲ್ಲ ಎಂದು ನನಗೆ ಹೇಳಿ, ನೂಲು ಎಳೆಯುತ್ತ ನಕ್ಕಿದ್ದರು.

ಆ ಗೋಡೆ ನೋಡುವ ಮನುಷ್ಯ ಎದುರು ತಿರುಗಿದ್ದನ್ನು ನಾನು ಅದೇ ಮನೆಯಲ್ಲಿ ಕಂಡೆ. ಮಗಳನ್ನು ನೋಡಲು ಅಣ್ಣಿಗೇರಿಯಿಂದ ಬೀಗರು ಬಂದಿದ್ದರು. ಹುಡುಗ ಔಷಧಿ ಅಂಗಡಿ ಇಟ್ಟವನು. ಹುಡುಗಿ ಓದಿ, ಡಿಗ್ರಿ ಮುಗಿಸಿದ್ದಳು. ನನ್ನನ್ನೂ ಬರಹೇಳಿದ್ದರು. ಎಲ್ಲ ಸರಿಯಾಗಿಯೇ ನಡೆದಿತ್ತು. ಅವಲಕ್ಕಿ ಮುಗಿದು ಚಹಾ ಬಂದಾಗ ಹುಡುಗನ ಸೋದರತ್ತೆ ಪಕ್ಕದವರಿಗೆ ಪಿಸುಗುಟ್ಟುವ ಹಾಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, ಹುಡುಗಿ ಎಲ್ಲ ಚೆನ್ನ, ಮೂಗೊಂದು ಹೀಗಾಗಬಾರದಿತ್ತು ಎಂದರು. ಹುಡುಗಿ ತಟ್ಟೆ ಹಿಡಿದು ನಿಂತಿದ್ದಳು. ಅವಳ ತಾಯಿ ತಲೆ ತಗ್ಗಿಸಿದರು.

ಕಂಡಕ್ಟರರು ಬಾಗಿಲ ಬಳಿ, ಅದೇ ತಮ್ಮ ರೂಢಿಯಂತೆ, ಓಣಿಯನ್ನು ನೋಡುತ್ತ ಕೂತಿದ್ದರು. ನಿಧಾನಕ್ಕೆ ತಿರುಗಿದರು. ಇಡೀ ಮುಖವನ್ನು ಬೀಗರ ಕಡೆ ಮಾಡಿದರು. ಹುಬ್ಬು, ಕಲೆ, ಮೂಗು, ಮೀಸೆ, ಏನನ್ನೂ ಮರೆಮಾಡಲಿಲ್ಲ.

“ಆ ಮೂಗು ನಂದ್ರಿ,” ಅಂದರು. “ನೋಡಿಕೋರ್ರಿ. ಬ್ಯಾಡಾದ್ರ ಈಗ ಹೇಳಿಬಿಡ್ರಿ, ಬ್ಯಾಸರಿಲ್ಲ. ಚಾ ಆರತೈತಿ.”

ದನಿ ಏರಿರಲಿಲ್ಲ. ಬಸ್ಸಿನಲ್ಲಿ ಚಿಲ್ಲರೆ ಇಲ್ಲ ಎಂದು ಹೇಳುವಷ್ಟೇ ಸಾದಾ ಇತ್ತು. ಸೋದರತ್ತೆ ಹುಡುಗನ ಕಡೆ ನೋಡಿದರು. ಹುಡುಗ ಕಪ್ಪು ಎತ್ತಿ ಚಹಾವನ್ನು ಪೂರ್ತಿ ಕುಡಿದ, ಖಾಲಿ ಕಪ್ಪನ್ನು ಹುಡುಗಿಯ ತಟ್ಟೆಯಲ್ಲಿ ತಾನೇ ಎದ್ದು ಇಟ್ಟ. ಆ ಮದುವೆಗೆ ನಾನು ಮಂಟಪದ ರಂಗೋಲಿ ಹಾಕಿದೆ.

ನಿವೃತ್ತಿಯಾದ ಮೇಲೆ ಅವರು ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಬಸ್ಸು ಬಿಡುವ ಹೊತ್ತು ಸರಿಯಾಗಿದೆಯೋ ಇಲ್ಲವೋ ನೋಡುತ್ತಿದ್ದರು. ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅದೂ ನಿಂತಿತು. ಎದೆಯಲ್ಲಿ ನೀರು ತುಂಬುವ ಬೇನೆ. ಹುಬ್ಬಳ್ಳಿಯ ದವಾಖಾನೆಗೆ ಹೋಗಿ ಬಂದರು, ಮತ್ತೆ ಹೋದರು, ಕೊನೆಗೆ ಡಾಕ್ಟರು ಮನೆಯಲ್ಲೇ ಇಟ್ಟುಕೊಳ್ಳಿರಿ ಅಂದರಂತೆ. ನಾನು ಒಂದು ಮಧ್ಯಾಹ್ನ ನೋಡಲು ಹೋದಾಗ ಮಗಳೂ ಬಂದಿದ್ದಳು. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮುಖ ಇಳಿದು ಮೂಗು ಇನ್ನಷ್ಟು ದೊಡ್ಡದಾಗಿತ್ತು. ಮೀಸೆ ಬೆಳ್ಳಗಾಗಿ ತುದಿ ಬಗ್ಗಿತ್ತು.

ಮಾತಿಗೆ ಮಗಳು ಫೋನು ತೆಗೆದು ತೋರಿಸಿದಳು. ಆ ಹಳೆಯ ಚಿತ್ರಕಥೆಯನ್ನು ಯಾರೋ ಈಗ ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿದ್ದಾರಂತೆ. ಹೊಸ ವಕ್ರಕೇತುವಿಗೆ ಅಗಲ ಎದೆ, ಗಟ್ಟಿ ತೋಳು, ತಿದ್ದಿದ ಹುಬ್ಬು, ನೆಟ್ಟಗಿನ ಮೂಗು. ರಾಜಕುಮಾರನ ಅಣ್ಣನ ಹಾಗೆ ಕಾಣುತ್ತಿದ್ದ. ಈಗ ಯಾರ ಮುಖವನ್ನೂ ಹಾಗೆ ಕೆಟ್ಟದಾಗಿ ತೋರಿಸುವುದಿಲ್ಲವಪ್ಪ, ಕಾಲ ಬದಲಾಗಿದೆ ಎಂದು ಅವಳು ವಿವರಿಸಿದಳು. ಅದು ಒಳ್ಳೆಯದೇ ಎಂದು ನಾನೂ ಅಂದೆ.

ಅವರು ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. “ಒಳ್ಳೇದ ಬಿಡ್ರಿ,” ಅಂದರು. ಆಮೇಲೆ ಮತ್ತೊಮ್ಮೆ ನೋಡಿ, “ಆದ್ರ ಇಂವಾ ಯಾರಂತ ನನಗ ಗೊತ್ತಾಗವಲ್ದು.”

ಫೋನು ಕೆಳಗಿಟ್ಟು ನನ್ನ ಕಡೆ ನೋಡಿದರು. ಇಷ್ಟು ವರ್ಷ ಎಲ್ಲರ ಚಿತ್ರದಲ್ಲೂ ತಪ್ಪು ಹುಡುಕಿದೆವು, ನೀವು ಬರೆದರೆ ಹೇಗೆ ಬರೆಯುತ್ತೀರಿ ನೋಡೋಣ ಅಂದರು. ವಕ್ರಕೇತುವನ್ನೇ ಎಂದು ಕೇಳಿದೆ. ಅವರು ತಲೆ ಅಲ್ಲಾಡಿಸಿ ತಮ್ಮ ಎದೆಯ ಮೇಲೆ ಬೆರಳಿಟ್ಟುಕೊಂಡರು.

ಮಗಳು ಎಲ್ಲಿಂದಲೋ ಒಂದು ಬಿಳಿ ಹಾಳೆ, ಪೆನ್ಸಿಲ್ ತಂದುಕೊಟ್ಟಳು. ನಾನು ಕುರ್ಚಿಯನ್ನು ಮಂಚದ ಎದುರಿಗೆ ಎಳೆದುಕೊಂಡೆ. ಅಭ್ಯಾಸಬಲದಿಂದ ಅವರ ಮುಖ ಒಂದೆರಡು ಸಲ ಕಿಟಕಿಯ ಕಡೆ ಹೋಯಿತು, ತಾವೇ ತಂದು ನನ್ನ ಎದುರಿಗೆ ನಿಲ್ಲಿಸಿದರು. ಎಷ್ಟೋ ಸಾವಿರ ಮಕ್ಕಳಿಗೆ ಮುಖ ಬರೆಯುವುದನ್ನು ಕಲಿಸಿದವಳು ನಾನು. ಒಂದು ಮುಖ ನನ್ನನ್ನು ಅಷ್ಟು ಹೊತ್ತು ನೇರವಾಗಿ ನೋಡುತ್ತ ಕೂತದ್ದು ಅದೇ ಮೊದಲು. ಕಣ್ಣು ಒಳಗೆ ಇಳಿದಿದ್ದವಲ್ಲ, ಅವುಗಳ ಬಣ್ಣ ಜೇನಿನದು ಎಂಬುದು ಇಷ್ಟು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ಪೆನ್ಸಿಲಿನಲ್ಲಿ ಅದನ್ನು ತರುವುದು ಸಾಧ್ಯವಾಗಲಿಲ್ಲ. ಉಳಿದದ್ದು ತಕ್ಕಮಟ್ಟಿಗೆ ಬಂತು. ಮೂಗನ್ನು ಇದ್ದಷ್ಟೂ ಬರೆದೆ.

ಹಾಳೆಯನ್ನು ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು. ತಪ್ಪು ಹುಡುಕುತ್ತಾರೆಂದು ಕಾದೆ, ಹುಡುಕಲಿಲ್ಲ. ಹಾಳೆಯನ್ನು ನನಗೇ ಮರಳಿ ಚಾಚಿದರು.

“ಕೆಳಗ ಹೆಸರ ಬರೀರಿ ಅಕ್ಕೋರ,” ಅಂದರು. “ಇದು ನಾನು.”

ಅವರ ತಾಯಿ ತಂದೆ ಇಟ್ಟ ಹೆಸರನ್ನು ದುಂಡಗೆ ಬರೆದೆ. ಅವರು ಹಾಳೆಯನ್ನು ಮತ್ತೆ ತೆಗೆದುಕೊಂಡು, ಬೆರಳಿಟ್ಟು ಅ ಆ ಕಲಿಯುವವರ ಹಾಗೆ ಒಂದೊಂದೇ ಅಕ್ಷರವನ್ನು ಓದಿದರು. ಆಮೇಲೆ ಮಗಳ ಕೈಗೆ ಕೊಟ್ಟರು.